ಪೂಜೆಗೆ ಮೊದಲಿನ ಉಸಿರು

ಗದಗಿನ ಬಸ್ಸು ಗಜೇಂದ್ರಗಡದ ಪೇಟೆಯಲ್ಲಿ ನಿಂತಾಗ ದೀಪ ಹಚ್ಚುವ ಹೊತ್ತಾಗಿತ್ತು. ಶೇಖವ್ವ ಇಳಿದವಳೇ ಮೊದಲು ಮಡಿಲು ಮುಟ್ಟಿ ನೋಡಿಕೊಂಡಳು. ಟವೆಲ್ಲಿನಲ್ಲಿ ಸುತ್ತಿದ ಗಾಜಿನ ಪಂಪು ಒಡೆದಿರಲಿಲ್ಲ. ಅದನ್ನು ಹಸುಗೂಸಿನ ಹಾಗೆ ಹಿಡಿದು ಕೂತವಳನ್ನು ನೋಡಿ ಕಂಡಕ್ಟರು ತಾನಾಗಿಯೇ ಎಬ್ಬಿಸಿ, ಕುಲುಕಾಟ ಕಡಿಮೆಯಿರುವ ಮುಂದಿನ ಸೀಟಿಗೆ ಕೂಡಿಸಿದ್ದ. ಜತೆಗೆ ಬಂದ ಗಂಡ ಗುರುಸಂಗಪ್ಪನಿಗೆ ಅದು ಹೊಳೆದಿರಲಿಲ್ಲ.

ಊರು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಚಳಿಗಾಲವದು. ಶೇಖವ್ವನಿಗೆ ದಮ್ಮು ಹತ್ತಿ ಅದು ನಾಲ್ಕನೆಯದು. ಮೊದಲೆರಡನ್ನು ಗಂಡನ ಮನೆ ಮೈಗಳ್ಳತನದ ಲೆಕ್ಕಕ್ಕೆ ಬರೆದುಕೊಂಡಿತ್ತು. ಮೂರನೆಯದರಲ್ಲಿ ಅವಳು ರೊಟ್ಟಿ ಬಡಿಯುತ್ತ ಬಡಿಯುತ್ತ ನೀಲಿಗಟ್ಟಿ ಬಿದ್ದ ಮೇಲೆ ರೋಗವೆಂದು ಒಪ್ಪಿಕೊಂಡರು. ಗದಗಿನ ಡಾಕ್ಟರ ಬಳಿಗೆ ಹೋಗಲು ಇನ್ನೂ ಒಂದು ವರ್ಷ ಹಿಡಿಯಿತು.

ಪಡಸಾಲೆಯಲ್ಲಿ ಟವೆಲ್ಲು ಬಿಚ್ಚಿದರು. ಒಂದು ತುದಿಗೆ ನಿಂಬೆಹಣ್ಣಿನಷ್ಟು ದೊಡ್ಡ ರಬ್ಬರಿನ ಬುಡ್ಡೆ, ಇನ್ನೊಂದು ತುದಿಗೆ ಬಾಯಲ್ಲಿ ಇಟ್ಟುಕೊಳ್ಳುವ ಗಾಜಿನ ಕೊಳವೆ, ನಡುವೆ ಔಷಧದ ಹನಿ ನಿಲ್ಲುವ ಪುಟ್ಟ ಹೊಟ್ಟೆ.

"ಇದೇನವಾ ಶೇಖವ್ವಾ, ಮೋಟಾರಿನ ಪೋಂಪೋಂ ಕಿತ್ಕೊಂಡ ಬಂದೀರೇನು?" ಎಂದ ಮಾವ ಅಂದಾನೆಪ್ಪ. "ಪಾಪ, ಡ್ರೈವರ ಈಗ ಎಮ್ಮಿ ಅಡ್ಡ ಬಂದ್ರ ಬಾಯ್ಲೇ ಒದರಬೇಕು."

ಶೇಖವ್ವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಮುದುಕ ಕೈಯಲ್ಲಿದ್ದ ಚುಟ್ಟವನ್ನು ಸದ್ದಿಲ್ಲದೆ ಹೊರಗಿನ ಕಟ್ಟೆಗೆ ಒತ್ತಿ ಆರಿಸಿ ಬಂದ. ಅಂದಿನಿಂದ ಅವನು ಮನೆಯೊಳಗೆ ಚುಟ್ಟ ಸೇದಲಿಲ್ಲ, ಸೇದಲಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ.

ಗುರುಸಂಗಪ್ಪ ಕಂದು ಬಾಟಲಿಯನ್ನು ಎತ್ತಿ ಹಿಡಿದು ಡಾಕ್ಟರ ಮಾತು ಒಪ್ಪಿಸಿದ. "ಇದರಾಗ ಎರಡ ಔಷಧ ಕೂಡಿಸ್ಯಾರ. ಒಂದು ಉಸುರಿನ ನಳಿಗಿ ಬಿಚ್ಚತೈತಿ, ಇನ್ನೊಂದು ಕಫಾ ಒಣಗಿಸ್ತೈತಿ. ನಾಕ ಹನಿ ಇದಕ್ಕ ಹಾಕಿ, ಉಸುರು ಒಳಗ ಎಳಕೊಳ್ಳೂ ಮುಂದ ಬುಡ್ಡಿ ಒತ್ತಬೇಕು. ಮುಂಜಾನಿ ಎದ್ದ ಕೂಡ್ಲೆ, ಒಲಿ ಮುಂದ ಹೋಗೂಕಿಂತ ಮದ್ಲ. ಸಂಜಿಕೂ ಹಂಗ. ಸುಮ್ಮ ಸುಮ್ಮನ ಒತ್ತಂಗಿಲ್ಲ, ಎದಿ ಹೊಡಕೋತೈತಿ. ಬಾಟ್ಲಿಗಿ ನೀರಿನ ಹನಿ ತಾಗಬಾರದು. ಔಷಧ ಗುಲಾಬಿ ಬಣ್ಣಕ್ಕ ತಿರುಗಿದ್ರ ಚೆಲ್ಲಿಬಿಡ್ರಿ ಅಂದಾರ."

ಅತ್ತೆ ಸಿದ್ದಲಿಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. "ಮದ್ಲ ಕೈಕಾಲ ತೊಳ್ಕೊಂಡ ಉಣ್ರಿ" ಎಂದಷ್ಟೇ ಹೇಳಿದಳು. ತಾಟಿನಲ್ಲಿ ಸೊಸೆಗೆ ಬಿಸಿ ರೊಟ್ಟಿ ಬಂದಿತ್ತು, ಮಗನಿಗೆ ಮುಂಜಾನೆಯ ತಂಗಳು.

ಜಗಳ ಹತ್ತಿದ್ದು ಮಾರನೆಯ ನಸುಕಿನಲ್ಲಿ.

ಮೈ ತೊಳೆದು ಕೊರಳಿನ ಲಿಂಗಕ್ಕೆ ಪೂಜೆ ಮಾಡುವ ತನಕ ಆ ಮನೆಯಲ್ಲಿ ಯಾರ ಬಾಯಿಗೂ ಏನೂ ಹೋಗುವಂತಿರಲಿಲ್ಲ, ಗುಟುಕು ನೀರು ಕೂಡ. ಬಚ್ಚಲಿಗೂ ಒಂದು ಸರತಿಯಿತ್ತು: ಮೊದಲು ಮಾವ, ಆಮೇಲೆ ಗಂಡ, ಆಮೇಲೆ ಅತ್ತೆ, ಕಡೆಗೆ ಸೊಸೆ. ಹಂಡೆಯ ಬುಡಕ್ಕೆ ಹತ್ತಿಕಟ್ಟಿಗೆ, ಕುಳ್ಳು ಒಟ್ಟಿ ನೀರು ಕಾಯಿಸಿ ಎಲ್ಲರಿಗೂ ತೋಡಿ ಕೊಡುವವಳು ಅವಳೇ ಆದ್ದರಿಂದ ಅವಳ ಸರತಿ ಬರುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿರುತ್ತಿತ್ತು, ಹೊಗೆ ಎದೆಗೆ ಇಳಿದಿರುತ್ತಿತ್ತು.

ಅವಳು ಪಂಪನ್ನು ತುಟಿಗೆ ಒಯ್ದಳೋ ಇಲ್ಲವೋ, ಹಿಂದಿನಿಂದ ಮಾತು ಬಂತು.

"ಏನ ಮಾಡಾಕತ್ತೀ?"

"ಔಷಧರಿ ಅತ್ತಿ."

"ಮೈ ತೊಳದಿಲ್ಲ, ಪೂಜಿ ಇಲ್ಲ. ಬಾಯಾಗ ಇಟ್ಕೋತೀ ಅದನ್ನ?"

"ಡಾಕ್ಟರು ಎದ್ದ ಕೂಡ್ಲೆ ಅಂದಾರಲ್ರಿ."

"ಡಾಕ್ಟರು ಲಿಂಗಾ ಕಟ್ಟಿಕೊಂಡಾರೇನು? ಪೂಜಿ ಮುಗಿಸಿ ತಗೋ. ಎಲ್ಲಿ ಓಡಿ ಹೋಗ್ತೈತಿ ಔಷಧ?"

"ಔಷಧ ಓಡಿ ಹೋಗೂದಿಲ್ರಿ, ಉಸುರು ಓಡಿ ಹೋಗ್ತೈತಿ. ಇದು ನುಂಗೂದಲ್ಲ, ಕುಡಿಯೂದಲ್ಲ. ಉಸುರು ತಗೊಳ್ಳೂದೂ ಊಟ ಆತೇನ್ರಿ? ಹಂಗಾದ್ರ ಪೂಜಿ ಆಗೂತನಕಾ ಉಸುರಾಡೂದ ಬಿಡ್ತೀನಿ ತಗೋರಿ."

"ನಾಲಿಗಿಗಿ ಮಾತ್ರ ದಮ್ಮಿಲ್ಲ ನೋಡು ನಿನಗ!"

"ಸಿದ್ದಿ, ಬಿಡ ಆಕೀನ" ಎಂದು ಒಳಗಿನಿಂದ ಅಂದಾನೆಪ್ಪ ಅಂದ.

"ನೀವು ಸುಮ್ಮನಿರ್ರಿ. ಗಂಡಸರಿಗೇನು, ಪದ್ಧತಿ ಕೆಟ್ರ ಹೆಸರ ಬರೂದು ಹೆಂಗಸಿಗಿ."

ಗುರುಸಂಗಪ್ಪ ಹಲ್ಲುಜ್ಜಲು ಹಿತ್ತಲಿಗೆ ಹೋದವನು ಜಗಳ ಮುಗಿಯುವ ತನಕ ಉಜ್ಜಿದ. ಬಂದ ಮೇಲೆ ಹೆಂಡತಿಗೆ ಮೆಲ್ಲಗೆ, "ನಾಕ ದಿನ ಅವ್ವ ಹೇಳಿದ್ಹಂಗ ನಡಿ" ಎಂದ.

"ನಾಕ ದಿನ ನೀವೂ ಮೂಗ ಮುಚ್ಚಿಕೊಂಡ ಅಂಗಡಿ ನಡಸ್ರಿ. ಆಮ್ಯಾಲೆ ಹೇಳ್ರಿ ನನಗ."

ಆ ದಿನ ಅವಳು ಔಷಧ ತೆಗೆದುಕೊಂಡದ್ದು ಮೂವರ ಸ್ನಾನವಾಗಿ, ತನ್ನ ಪೂಜೆ ಮುಗಿದ ಮೇಲೆ. ಅಷ್ಟೊತ್ತಿಗೆ ಎದೆಯಲ್ಲಿ ಸಿಳ್ಳೆ ಹೊಡೆಯುತ್ತಿತ್ತು. ಒತ್ತಿದರೂ ಹೊಗೆಯ ಹಿಂದೆ ಬಂದ ಔಷಧದಿಂದ ಅರ್ಧ ಕೆಲಸವೂ ಆಗಲಿಲ್ಲ. ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ ಹಾಗೆಯೇ. ಸಿಟ್ಟಾದರೆ ದಮ್ಮು ಹೆಚ್ಚುತ್ತದೆಂದು ಎಲ್ಲರೂ ಅವಳಿಗೆ ಬುದ್ಧಿ ಹೇಳುತ್ತಿದ್ದರು. ಸಿಟ್ಟು ತರಿಸಬೇಡಿರೆಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ.

ಸಿದ್ದಲಿಂಗವ್ವ ಕೆಟ್ಟವಳಾಗಿದ್ದರೆ ಶೇಖವ್ವನಿಗೆ ಜಗಳ ಸುಲಭವಾಗುತ್ತಿತ್ತು. ಆದರೆ ಸಂಜೆ ಊಟವಾದ ಮೇಲೆ ಅದೇ ಸಿದ್ದಲಿಂಗವ್ವ ಎಣ್ಣೆ ಬಿಸಿ ಮಾಡಿ, ಕರೆಯದೆಯೇ ಬಂದು ಸೊಸೆಯ ಬೆನ್ನಿಗೆ ತಿಕ್ಕುತ್ತಿದ್ದಳು. ತಿಕ್ಕುತ್ತಲೇ ಬೈಯುತ್ತಿದ್ದಳು.

"ನಿನ್ನ ತವರು ಸವಡ್ಯಾಗ ನಿಮ್ಮವ್ವ ನಿನಗ ತಣ್ಣಂದ ತಿನಿಸಿ ತಿನಿಸಿ ಎದಿ ಕೆಡಸ್ಯಾಳ."

"ಸವಡ್ಯಾಗ ಇದ್ದಾಗ ನನಗ ದಮ್ಮಿದ್ದಿಲ್ರಿ. ಈ ಪಡಸಾಲ್ಯಾಗ ಅಂಗಡಿ ಮೆಣಸಿನಕಾಯಿ ಚೀಲ ಒಟ್ಟಿದ ಮ್ಯಾಲ ಬಂದೈತಿ."

"ಆ ಚೀಲದಿಂದನ ನಿನ್ನ ಹೊಟ್ಟಿ ತುಂಬತೈತಿ."

"ಎದೀನೂ ಅವ ತುಂಬ್ಯಾವು."

ಎಣ್ಣೆಯ ಕೈ ಇನ್ನೂ ಸ್ವಲ್ಪ ಜೋರಾಗಿ ತಿಕ್ಕತೊಡಗುತ್ತಿತ್ತು.

ಎಳ್ಳಮವಾಸೆಯ ಹಿಂದಿನ ದಿನ ಸಜ್ಜೆಯ ರೊಟ್ಟಿ ಬಡಿದು ಬಡಿದು ಎದೆ ಕಟ್ಟಿತು. ಅತ್ತೆ ಗುಡಿಗೆ ಹೋಗಿದ್ದಳು. ಹಿತ್ತಲಗೋಡೆಯ ಆಚೆ ಕೌದಿ ಹೊಲಿಯುತ್ತ ಕೂತಿದ್ದ ಹಸನಬಿ ಸಿಳ್ಳೆಯ ಸದ್ದು ಕೇಳಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಓಡಿಬಂದಳು. ಹೊಲಿದಿಟ್ಟ ಕೌದಿಗಳನ್ನೇ ತಂದು ಒಟ್ಟಿ, ಅದರ ಮೇಲೆ ಶೇಖವ್ವನನ್ನು ಮುಂದಕ್ಕೆ ಬಾಗಿಸಿ ಕೂಡಿಸಿದಳು. ಗಿರಾಕಿಗೆ ಕೊಡಬೇಕಾದ ಹೊಸ ಕೌದಿಗಳವು. ಉಸಿರು ತಹಬಂದಿಗೆ ಬಂದ ಮೇಲೆ ಶೇಖವ್ವ ನಡೆದುದನ್ನೆಲ್ಲ ಹೇಳಿದಳು.

"ಹಂಗಾರ ಆ ಪಂಪು ನನ್ನ ಮನ್ಯಾಗ ಇಡು" ಎಂದಳು ಹಸನಬಿ. "ನಸಕಿನ್ಯಾಗ ಕುಳ್ಳ ತರಾಕ ಹಿತ್ತಲಕ ಬರ್ತಿಯಲ್ಲ, ಗ್ವಾಡಿ ದಾಟಿ ಬಾ. ನಮ್ಮ ಮನಿಗಿ ನಿಮ್ಮ ಅತ್ತಿ ಕಾಲ ಇಡೂದಿಲ್ಲ. ಅಷ್ಟಾರ ಉಪಯೋಗ ಆಗ್ಲಿ."

ಎಂಟೊಂಬತ್ತು ದಿನ ಹಾಗೆ ನಡೆಯಿತು. ಕತ್ತಲು ಹರಿಯುವ ಮೊದಲೇ ಹಸನಬಿ ಎದ್ದು, ದೂಳು ಏಳದಂತೆ ಅಂಗಳಕ್ಕೆ ನೀರು ಚಿಮುಕಿಸಿ, ಪಂಪನ್ನು ಕಟ್ಟೆಯ ಮೇಲೆ ಇಟ್ಟಿರುತ್ತಿದ್ದಳು. ಶೇಖವ್ವ ಬುಡ್ಡೆ ಒತ್ತಿ, ಉಸಿರೆಳೆದು, ಬಾಯಿ ಮುಕ್ಕಳಿಸಿ, ಕುಳ್ಳು ಹೊತ್ತು ಒಳಗೆ ಬರುತ್ತಿದ್ದಳು. ಪಂಪನ್ನು ಸೆರಗಿನ ಮರೆಯಲ್ಲಿ ತಂದಿಟ್ಟು, ಪೂಜೆಯಾದ ಮೇಲೆ ಅತ್ತೆಗೆ ಕಾಣುವ ಹಾಗೆ ಬರಿದೇ ತುಟಿಗೆ ಹಿಡಿಯುತ್ತಿದ್ದಳು; ಸಂಜೆಯ ಔಷಧ ಮುಗಿದ ಮೇಲೆ ಅದು ಮತ್ತೆ ಗೋಡೆ ದಾಟುತ್ತಿತ್ತು. ಹೊಗೆ ಬರುತ್ತಿತ್ತು, ದಮ್ಮು ಬರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಒಂದು ದಿನ ಹಾಡು ಕೂಡ ಗುನುಗಿದಳು.

"ನೋಡಿದ್ರ್ಯಾ?" ಎಂದಳು ಸಿದ್ದಲಿಂಗವ್ವ ಗಂಡನಿಗೆ. "ಪೂಜಿ ಆದ ಮ್ಯಾಲೆ ತಗೊಂಡ್ರೂ ಔಷಧ ಹತ್ತತೈತಿ. ನಾ ಕಾಲಕಾಲೇಶ್ವರಗ ಬೇಡಿಕೊಂಡೀನಿ."

ಶೇಖವ್ವ ಹಲ್ಲು ಕಚ್ಚಿ ಹಿಟ್ಟು ನಾದಿದಳು.

ಸಿಕ್ಕಿಬಿದ್ದದ್ದು ಒಂದು ಶುಕ್ರವಾರ. ಕುಳ್ಳು ತರಲು ಹೋದವಳು ಬರುವುದು ತಡವಾಗಿ ಸಿದ್ದಲಿಂಗವ್ವ ತಾನೇ ಹಿತ್ತಲಿಗೆ ಬಂದಳು. ಗೋಡೆಯಾಚೆ ಸೊಸೆ ಬಾಯಲ್ಲಿ ಗಾಜು ಇಟ್ಟುಕೊಂಡು ನಿಂತಿದ್ದಳು. ಅಂದು ಓಣಿಗೆ ಓಣಿಯೇ ಬೇಗ ಎದ್ದಿತು.

"ಕಳ್ಳತನಾ! ಅದೂ ಮಂದಿ ಮನ್ಯಾಗ! ನಾ ಊರ ತುಂಬ ಹೇಳಿಕೊಂಡ ಬಂದೀನಿ, ನನ್ನ ಸೊಸಿ ಪದ್ಧತಿ ಮುರಿಲಿಲ್ಲ ಅಂತ!"

"ಊರಿಗಿ ಹೇಳಾಕ ನನ್ನ ಎದಿ ಬೇಕಾಗಿತ್ತೇನ್ರಿ ನಿಮಗ?"

"ಹಸನಬೀ, ನೀನೂ ಸೇರಿಕೊಂಡಿ ಇದರಾಗ. ನಿನಗ್ಯಾಕ ಬೇಕಾಗಿತ್ತು?"

"ದೊಡ್ಡವ್ವಾರ, ಔಷಧ ನಿಮ್ದು, ಸೊಸಿ ನಿಮ್ಮಾಕಿ, ಉಸುರೂ ನಿಮ್ಮ ಮನೀದು. ನಾ ಬರೇ ನಿಲ್ಲಾಕ ಜಾಗಾ ಕೊಟ್ಟೀನ್ರಿ. ತಪ್ಪಾಗಿದ್ರ ಬೈರಿ, ಬಾಗಿಲಾ ಮಾತ್ರ ಮುಚ್ಚೂದಿಲ್ಲ."

ಸಿದ್ದಲಿಂಗವ್ವ ಪಂಪು, ಬಾಟಲಿ ಎರಡನ್ನೂ ಕಿತ್ತುಕೊಂಡು ಹೋಗಿ ದೇವರ ಕೋಣೆಯ ಗೋಡೆಯಲ್ಲಿದ್ದ ಮಾಡದಲ್ಲಿಟ್ಟಳು. ಅಲ್ಲಿಂದ ಪೂಜೆಯಾದ ಮೇಲೆ ತಾನೇ ತೆಗೆದು ಕೊಟ್ಟಳು, ತಾನೇ ಇಸಿದುಕೊಂಡು ಇಟ್ಟಳು. ಶೇಖವ್ವ ಮಾತು ಬಿಟ್ಟಳು. ತಾಟು ಇಡುವಾಗ ಸದ್ದು, ಕೊಡ ಇಳಿಸುವಾಗ ಸದ್ದು, ಬೇರೆ ಮಾತಿಲ್ಲ.

ಅಂದಾನೆಪ್ಪ ಒಂದು ಸಲ ಊಟದ ನಡುವೆ ಕೈ ತಡೆದು ಹೆಂಡತಿಯನ್ನು ಕೇಳಿದ. "ಸಿದ್ದಿ, ಅಂಗೈಯಾಗ ಲಿಂಗಾ ಇಟ್ಕೊಂಡ ಕುಂದ್ರಾಕರ ಉಸುರು ಬೇಕಲ್ಲ? ಆಕಿ ಪೂಜಿ ಮಾಡೂ ಮುಂದ ನೋಡೀಯೇನು? ಸಿಳ್ಳಿ ಬಿಟ್ರ ಮಂತ್ರ ಕೇಳೂದಿಲ್ಲ."

ಮರುದಿನ ಸೊಸೆ ಪೂಜೆಗೆ ಕೂತಾಗ ಸಿದ್ದಲಿಂಗವ್ವ ಬಾಗಿಲ ಮರೆಯಲ್ಲಿ ನಿಂತು ನೋಡಿದಳು, ಬಹಳ ಹೊತ್ತು.

ಸೋಮವಾರ ಮಠದ ಅಯ್ಯನವರು ಪಾದಪೂಜೆಗೆ ಬರುವ ವಾಡಿಕೆ. ಅವರು ಬಂದು ಹೋದ ಸಂಜೆ ಸಿದ್ದಲಿಂಗವ್ವ ಸೊಸೆಯನ್ನು ಕರೆದು ಪಂಪು, ಬಾಟಲಿ ಅವಳ ಕೈಗಿಟ್ಟಳು.

"ನಾಳಿಂದ ಎದ್ದ ಕೂಡ್ಲೆ ತಗೋ. ಈಗ ಇದು ಪ್ರಸಾದ ಆತು. ಪ್ರಸಾದಕ್ಕ ಹೊತ್ತಿಲ್ಲ, ದೋಷ ಇಲ್ಲ."

ಶೇಖವ್ವನಿಗೆ ನಂಬಿಕೆ ಬರಲಿಲ್ಲ. ದೇವರ ಮುಂದೆ ಇಟ್ಟು ಕೈ ಮುಗಿದಿರಬೇಕು ಎಂದುಕೊಂಡಳು. ಎಷ್ಟು ದಿನದ ಮೇಲೋ "ಹೂಂನ್ರಿ ಅತ್ತಿ" ಎಂದಳು. ಅಂದು ಒಲೆಯಿಂದ ತೆಗೆದ ಮೊದಲ ರೊಟ್ಟಿಯನ್ನು ಅತ್ತೆಯ ತಾಟಿಗೆ ಹಾಕಿದಳು. ಸಿಟ್ಟು ಹೋಗಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿತ್ತು.

ಆದರೆ ದಮ್ಮು ತಿರುಗಿ ಬಂತು. ನಸುಕಿನಲ್ಲಿ ಚಿಮಣಿಯ ಬೆಳಕಿಗೆ ನಾಲ್ಕು ಹನಿ ಹಾಕಿ ಒತ್ತುತ್ತಿದ್ದಳು, ಎದೆ ಬಿಚ್ಚುತ್ತಿರಲಿಲ್ಲ. ಇನ್ನೊಮ್ಮೆ ಒತ್ತುತ್ತಿದ್ದಳು, ಇಲ್ಲ. ಉಸಿರು ಎಳೆಯುವುದು ತಪ್ಪುತ್ತಿದೆಯೋ, ಬುಡ್ಡೆ ತೂತು ಬಿದ್ದಿದೆಯೋ ಎಂದು ತನ್ನ ಕೈಯನ್ನೇ ಅನುಮಾನಿಸಿದಳು. ವಾರ ಕಳೆಯುವಷ್ಟರಲ್ಲಿ ಗೋಡೆ ಹಿಡಿದು ನಡೆಯುವ ಹಾಗಾಯಿತು.

"ಗದಗಿನ ಡಾಕ್ಟರು ಬಣ್ಣದ ಮಾತಿನಾಂವ" ಎಂದಳು ಸಿದ್ದಲಿಂಗವ್ವ. "ಪ್ರಸಾದ ಮಾಡಿದ್ರೂ ಹತ್ತೂದಿಲ್ಲ ಅಂದ್ರ ಔಷಧದಾಗ ಸತ್ವ ಇಲ್ಲ."

ಗುರುಸಂಗಪ್ಪನ ಅಂಗಡಿಗೆ ಹೊಸ ಮೆಣಸಿನಕಾಯಿ ಬಂದ ದಿನ ಹಮಾಲರು ಚೀಲಗಳನ್ನು ಪಡಸಾಲೆಯಲ್ಲಿ ಧೊಪ್ಪನೆ ಇಳಿಸಿದರು. ಕೆಂಪು ದೂಳು ಬಿಸಿಲುಕೋಲಿನಲ್ಲಿ ಎದ್ದಿತು. ಊಟಕ್ಕೆ ಕೂತಿದ್ದ ಗುರುಸಂಗಪ್ಪ ಎರಡು ಸಲ ಸೀನಿದ. ಶೇಖವ್ವ ಕೈಯಲ್ಲಿದ್ದ ಪಲ್ಯದ ಬೋಗುಣಿ ಬಿಟ್ಟು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಳು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಪಂಪು ತಾ, ಪಂಪು!" ಎಂದು ಗುರುಸಂಗಪ್ಪ ಎಂಜಲ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಎದ್ದ. ಕಿಟಕಿಯ ಬಳಿ ನಿಂತು ಗಾಜಿನ ಹೊಟ್ಟೆಗೆ ಹನಿ ಹಾಕಿದವನು ಅಲ್ಲೇ ನಿಂತುಬಿಟ್ಟ. ಬಿಸಿಲಿಗೆ ಹಿಡಿದ ಔಷಧ ತಿಳಿ ಗುಲಾಬಿಯಾಗಿತ್ತು. ಡಾಕ್ಟರ ದವಾಖಾನೆಯಲ್ಲಿ ಅದು ನೀರಿನ ಹಾಗೆ ಇದ್ದುದನ್ನು ಅವನು ನೋಡಿದ್ದ.

"ಇದಕ್ಕ ಯಾರ ಕೈ ಹಚ್ಚೀರಿ? ಏನ ಹಾಕೀರಿ ಇದರಾಗ?"

"ನಾ ವಿಷ ಹಾಕೀನೇನ?" ಎಂದಳು ಸಿದ್ದಲಿಂಗವ್ವ. "ಅಯ್ಯನವರ ಪಾದೋದಕ ಹಾಕೀನಿ. ಒಂದ ಚಮಚ. ಪ್ರಸಾದ ಆಗ್ಲಿ, ಆಕಿ ನಸಕಿನ್ಯಾಗ ತಗೊಳ್ಳಿ ಅಂತ."

"ನೀರು ತಾಗಬಾರದು ಅಂತ ನಿನ್ನ ಮುಂದನ ಹೇಳಿದ್ನಲ್ಲ ಯವ್ವಾ!"

"ಅದು ನೀರಲ್ಲೋ!"

ಶೇಖವ್ವ ಎಲ್ಲ ಕೇಳುತ್ತಿದ್ದಳು. ಹೇಳಬೇಕಾದ ಮಾತುಗಳು ಗಂಟಲಿನ ತನಕ ಬಂದು ನಿಂತಿದ್ದವು, ಹೊರಗೆ ತಳ್ಳಲು ಗಾಳಿಯಿರಲಿಲ್ಲ. ಅತ್ತೆಯ ಕಡೆ ನೆಟ್ಟ ಅವಳ ಕಣ್ಣು ನೋಡಲಾರದೆ ಅಂದಾನೆಪ್ಪ ಮುಖ ತಿರುಗಿಸಿದ. ಗೋಡೆಯಾಚೆಯಿಂದ ಗದ್ದಲ ಕೇಳಿದ ಹಸನಬಿ ಯಾರನ್ನೂ ಏನೂ ಕೇಳದೆ ಬರಿಗಾಲಲ್ಲಿ ದವಾಖಾನೆಗೆ ಓಡಿದಳು. ಕಂಪೌಂಡರು ಬಂದು ತೋಳಿಗೆ ಸೂಜಿ ಚುಚ್ಚಿದ ಮೇಲೆ, ನಿಧಾನವಾಗಿ, ಹಗ್ಗದ ಗಂಟು ಸಡಿಲಾದಂತೆ ಎದೆ ಸಡಿಲಾಯಿತು. ಸಿದ್ದಲಿಂಗವ್ವ ಬಿಸಿ ಎಣ್ಣೆ ತಂದು ಬೆನ್ನಿಗೆ ಕೈ ಇಟ್ಟಳು.

ಶೇಖವ್ವ ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು.

"ಮುಟ್ಟಬ್ಯಾಡ್ರಿ."

"ಶೇಖವ್ವಾ, ನಿನಗಾಗೇ ಮಾಡಿದ್ನಿ. ನನ್ನಾಣಿ."

"ನನಗ ಗೊತ್ತೈತ್ರಿ. ಅದಕ್ಕ ಇಷ್ಟ ಸಿಟ್ಟ ಬಂದೈತಿ." ಒಂದೊಂದು ಮಾತಿಗೂ ಅವಳು ಉಸಿರು ಕೂಡಿಸಿಕೊಳ್ಳಬೇಕಾಯಿತು. "ವಿಷ ಹಾಕಾವ್ರು ಕೇಳಿ ಹಾಕೂದಿಲ್ಲ. ಚಲೋದು ಮಾಡಾವ್ರು ಒಂದ ಮಾತ ಕೇಳಬೇಕಿಲ್ಲ? ಒಂದ ವಾರ ಅದನ್ನ ಎಳದೀನಿ. ನನ್ನ ಕೈಯಾಗ ತಪ್ಪೈತಿ ಅಂತ ನನಗ ನಾನ ಬೈಕೊಂಡೀನಿ."

"ಇನ್ನ ಏನ ಮಾಡ್ಲಿ ಹೇಳ ಮತ್ತ? ಮಾಡ್ತೀನಿ."

"ನನಗಾಗಿ ಮಾಡೂದಿದ್ರ ಒಲಿ ಹಚ್ರಿ."

ಆ ಮನೆಗೆ ಸೊಸೆ ಬಂದ ಮಾರನೆಯ ದಿನದಿಂದ ಸಿದ್ದಲಿಂಗವ್ವ ನೀರೊಲೆ ಮುಟ್ಟಿರಲಿಲ್ಲ. ಸೊಸೆ ಬಂದ ಮೇಲೂ ಒಲೆ ಊದುವ ಅತ್ತೆ ಓಣಿಯಲ್ಲೇ ಒಬ್ಬಳೂ ಇರಲಿಲ್ಲ.

ಶೇಖವ್ವ ಗಂಡನ ಕಡೆ ತಿರುಗಿದಳು. "ನೀವೂ ಕೇಳ್ರಿ. ಆ ಚೀಲ ಇವತ್ತ ಹೊರಗ ಹೋಗಬೇಕು. ಅಂಗಡ್ಯಾಗ ಜಾಗಾ ಇಲ್ಲಂದ್ರ ಚೀಲ ಇಲ್ಲಿರ್ಲಿ, ನಾ ಸವಡಿಗಿ ಹೋಗ್ತೀನಿ. ಹಲ್ಲ ಉಜ್ಜಾಕ ಹೋಗಬ್ಯಾಡ್ರಿ ಮತ್ತ."

ಅಂದಾನೆಪ್ಪ ಕೆಮ್ಮಿ ನಗುವನ್ನು ಮುಚ್ಚಿಕೊಂಡ. ಗುರುಸಂಗಪ್ಪ ಉಂಡ ತಾಟನ್ನು ಅಲ್ಲೇ ಬಿಟ್ಟು ಹಮಾಲರನ್ನು ತಿರುಗಿ ಕರೆಯಲು ಹೋದ. ಚೀಲ ಹೊರಬಿದ್ದ ಮೇಲೆ ಸಿಕ್ಕ ಬಸ್ಸು ಹತ್ತಿ ಗದಗಿಗೆ ಹೋಗಿ, ಮಾರನೆಯ ಸಂಜೆ ಹೊಸ ಬಾಟಲಿ ತಂದ. ಡಾಕ್ಟರು ಏನೆಂದರೆಂದು ಕೇಳಿದರೆ, "ಭಾಳ ಬೈದ್ರು" ಎಂದ. ಯಾರಿಗೆ ಬೈದರೆಂದು ಹೇಳಲಿಲ್ಲ. ಬಾಟಲಿಯನ್ನು ಅವ್ವನ ಕೈಗೆ ಕೊಡದೆ ನೇರ ಹೆಂಡತಿಯ ಕೈಗೆ ಕೊಟ್ಟ. ಸಿದ್ದಲಿಂಗವ್ವ ಅದನ್ನು ನೋಡಿದಳು. ಆ ಸಂಜೆ ಅವಳು ಉಣ್ಣಲಿಲ್ಲ. ಉಣ್ಣೆಂದು ಶೇಖವ್ವ ಕರೆಯಲೂ ಇಲ್ಲ.

ಮಾರನೆಯ ನಸುಕಿಗೆ ಶೇಖವ್ವ ಎದ್ದಾಗ ಬಚ್ಚಲ ಕಡೆಯಿಂದ ಹೊಗೆಯೂ ಬೈಗುಳವೂ ಒಟ್ಟಿಗೆ ಬರುತ್ತಿದ್ದವು.

"ಹಸಿ ಕಟಗಿ ತಂದ ಕೊಟ್ಟೀರಿ. ಇದನ್ನ ಯಾರ ಅಪ್ಪ ಹಚ್ಚತಾನ?"

"ಹಸೀದಲ್ಲ ಸಿದ್ದಿ, ನೀ ಊದೂದ ಮರತೀ. ತಾ ಇಲ್ಲೆ ಕೊಳವಿ" ಎಂದು ಅಂದಾನೆಪ್ಪ ಹತ್ತಿಕಟ್ಟಿಗೆ ಮುರಿಯುತ್ತ ಅನ್ನುತ್ತಿದ್ದ.

"ಗಂಡಸು ಒಲಿ ಊದೂದ ನೋಡೂದೊಂದ ಉಳದಿತ್ತು ನನ್ನ ಹಣೇಬಾರದಾಗ! ದೂರ ಸರೀರಿ! ಅಯ್ಯ ನನ್ನ ಕಣ್ಣ, ಇದೆಂಥಾ ಹೊಗಿ ಇದು, ಮನಶಾರು ಕುಂದ್ರೂ ಜಾಗಾನ ಇದು?"

ಶೇಖವ್ವ ಪಂಪು, ಬಾಟಲಿ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತಳು. ಹನಿ ಹಾಕಿ, ಮೂಡಣದ ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿತ್ತು. ಗಾಜು ತುಟಿಗಿಟ್ಟು, ಉಸಿರೆಳೆಯುತ್ತ ಬುಡ್ಡೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಎದೆ ಬಾಗಿಲು ತೆರೆಯಿತು. ಗುಡ್ಡದ ಕಡೆಯ ತಣ್ಣನೆಯ ಗಾಳಿ ತಡೆಯಿಲ್ಲದೆ ಒಳಗೆ ಹೋಯಿತು.

ಒಳಗಿನಿಂದ ಕೆಮ್ಮು, ಕೆಮ್ಮಿನ ನಡುವೆ ಕೂಗು.

"ತಗೊಂಡ್ಯೇನ?"

"ತಗೊಂಡ್ನಿ."

"ಮೈ ತೊಳೀದನ?"

"ಹೌದ್ರಿ. ಮೈ ತೊಳೀದನ. ಪೂಜಿಗಿ ಮದ್ಲ."

ಗೋಡೆಯಾಚೆ ಹಸನಬಿಯ ಅಂಗಳದಲ್ಲಿ ನೀರು ಚಿಮುಕಿಸುವ ಕೈ ನಿಂತಿತು.

"ಬಾಯಿ ಮುಕ್ಕಳಿಸು" ಎಂದಳು ಸಿದ್ದಲಿಂಗವ್ವ, ಮೊದಲಿಗಿಂತ ಸಿಟ್ಟಿನಿಂದ. "ಅಲ್ಲೇ ಕುಂದ್ರು. ಹೊಗಿ ಆರಿದ ಮ್ಯಾಲ ಒಳಗ ಬಾ. ಈಗ ಬಂದ್ರ ಕಾಲ ಮುರೀತೀನಿ!"

ಶೇಖವ್ವ ಪಂಪನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ನೀರು ಕಾಯಿತು, ಮಾವನ ಸ್ನಾನವಾಯಿತು, ಗಂಡನ ಸ್ನಾನವಾಯಿತು. ಬಚ್ಚಲ ಹೊಗೆ ತೆಳ್ಳಗಾಗಿ, ಹಂಚಿನ ಸಂದಿಯಿಂದ ಹೊರಟು, ಪೂರ್ತಿ ಆರಿಹೋಯಿತು. ಅಡುಗೆಮನೆಯಲ್ಲಿ ಯಾರೋ ತಡವರಿಸುತ್ತ ಹಿಟ್ಟಿನ ಡಬ್ಬಿ ತೆಗೆದ ಸದ್ದು ಕೇಳಿತು. ಬಿಸಿಲು ಕಟ್ಟೆಗೆ ಬಂತು.

ಆದರೂ ಶೇಖವ್ವ ಏಳದೆ, ಗುಡ್ಡದ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳುತ್ತ ಕೂತೇ ಇದ್ದಳು.